ಹಗ್ಗದ ಈಚೆ ತುದಿ

ನೀರಿಗೆ ಇಳಿಯುವ ಡೈವರನ ಸೊಂಟಕ್ಕೆ ಒಂದು ಹಗ್ಗ ಕಟ್ಟುತ್ತಾರೆ. ಅದರ ಇನ್ನೊಂದು ತುದಿ ದಡದಲ್ಲೋ ದೋಣಿಯಲ್ಲೋ ನಿಂತವನೊಬ್ಬನ ಕೈಯಲ್ಲಿರುತ್ತದೆ. ನೌಕಾಪಡೆಯಲ್ಲಿ ಅವನಿಗೆ ಅಟೆಂಡೆಂಟ್ ಎನ್ನುತ್ತಾರೆ. ವಿಶಾಖಪಟ್ಟಣದಲ್ಲಿ ಡೈವರ್ ಆಗಿದ್ದ ನಾನು ಅದನ್ನು ಒಂದು ಕೆಲಸವೆಂದೇ ಎಣಿಸಿರಲಿಲ್ಲ. ಎಮ್ಮೆ ಕಟ್ಟುವ ಗೂಟವೂ ಅಷ್ಟು ಮಾಡೀತು ಎಂದು ನಗಾಡಿದ್ದುಂಟು. ಕೊನೆಗೆ ದೇವರು ನನ್ನನ್ನು ತಂದು ಆ ಗೂಟದ ಜಾಗದಲ್ಲೇ ನಿಲ್ಲಿಸಿದ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಬಂದರಿನಲ್ಲಿ ಹಡಗುಗಳನ್ನು ಎಳೆಯುವ ಒಂದು ಟಗ್ಗಿನ ಪ್ರೊಪೆಲ್ಲರಿಗೆ ಮೀನುಬಲೆ ಸುತ್ತಿಕೊಂಡಿತ್ತು. ಅದನ್ನು ಕತ್ತರಿಸಿ ಬಿಡಿಸುವ ಸರದಿ ನನ್ನದು. ನನಗೆ ಆವತ್ತು ನೆಗಡಿ. ನೆಗಡಿಯಾದಾಗ ಮೂಗಿನಿಂದ ಕಿವಿಗೆ ಹೋಗುವ ಒಳದಾರಿ ಕಟ್ಟಿಕೊಂಡಿರುತ್ತದೆ, ಒಳಗಿನ ಗಾಳಿ ಹೊರಗಿನ ನೀರಿನ ಒತ್ತಡಕ್ಕೆ ಸರಿಹೊಂದುವುದಿಲ್ಲ, ಇಳಿಯಕೂಡದು. ಇದು ತರಬೇತಿಯ ಮೊದಲ ವಾರದಲ್ಲೇ ಹೇಳಿಕೊಡುವ ಪಾಠ. ಆದರೆ ಇಳಿಯಲಾರೆ ಎಂದು ಹೇಳುವ ನಾಲಿಗೆ ನನಗಿರಲಿಲ್ಲ. ಎರಡಾಳು ಆಳ ಹೋಗುವಷ್ಟರಲ್ಲಿ ಎಡಗಿವಿಯೊಳಗೆ ಟಪ್ಪೆಂದಿತು. ತಣ್ಣೀರು ಒಳನುಗ್ಗಿ ಇಡೀ ಬಂದರು ಬುಗುರಿಯಾಗಿ ತಿರುಗಿತು. ಮೇಲು ಯಾವುದು ಕೆಳಗು ಯಾವುದು ತಿಳಿಯದೆ ಟಗ್ಗಿನ ತಳವನ್ನು ಅಪ್ಪಿ ಹಿಡಿದು, ಹಾಗೂ ಹೀಗೂ ಮೇಲೆ ಬಂದೆ. ಬಲೆ ಬಿಡಿಸಿದವನು ಬೇರೊಬ್ಬ.

ಕಿವಿಯ ಪರದೆ ಹರಿದಿದೆ ಎಂದರು ಡಾಕ್ಟರು. ಮುಚ್ಚಿಕೊಳ್ಳುತ್ತದೋ ನೋಡೋಣ, ಅಲ್ಲಿಯವರೆಗೆ ತಲೆ ನೀರಿಗೆ ತಾಗಬಾರದು, ಸ್ನಾನ ಮಾಡುವಾಗಲೂ ಎಣ್ಣೆಹತ್ತಿ ಇಟ್ಟುಕೊಳ್ಳಬೇಕು ಎಂದು ಕಳಿಸಿದರು. ಡೈವರನಿಗೆ ತಲೆ ಒದ್ದೆ ಮಾಡಿಕೊಳ್ಳಬೇಡ ಎನ್ನುವುದು ಅಡುಗೆಯವನಿಗೆ ಒಲೆಯ ಹತ್ತಿರ ಹೋಗಬೇಡ ಎಂದ ಹಾಗೆ.

ನಮ್ಮದು ಆಗ ವಿಶಾಖಪಟ್ಟಣದ ಗಾಜುವಾಕದಲ್ಲಿ ಮಹಡಿಯ ಮೇಲಿನ ಬಾಡಿಗೆ ಮನೆ. ನಾನು ಉಡುಪಿ ಕಡೆಯ ಪ್ರೊಟೆಸ್ಟೆಂಟ್ ಮನೆಯವನು. ತಗ್ಗಿದ ದನಿಯಲ್ಲಿ, ಕಣ್ಣು ಮುಚ್ಚಿ, ಕನ್ನಡದಲ್ಲಿ ಪ್ರಾರ್ಥಿಸಿ ಅಭ್ಯಾಸವಾದವನು. ಹೆಂಡತಿ ವಿಜಯವಾಡದಲ್ಲಿ ಹುಟ್ಟಿ ಬೆಳೆದವಳು. ಅವಳ ತಾಯಿ ಕನ್ನಡದವರು, ತಂದೆ ತೆಲುಗಿನವರು. ಅವಳ ಕನ್ನಡ ಅಡುಗೆಮನೆ ದಾಟಿ ಹೊರಗೆ ಬರುವಷ್ಟರಲ್ಲಿ ಅರ್ಧ ತೆಲುಗಾಗಿರುತ್ತಿತ್ತು. ಭಾನುವಾರ ನಾವು ಹೋಗುತ್ತಿದ್ದದ್ದು ಸೈಕಲ್ ಅಂಗಡಿಯ ಮೇಲಿನ ಹಾಲಿನಲ್ಲಿ ಸೇರುತ್ತಿದ್ದ ತೆಲುಗು ಸಭೆಗೆ. ಅಲ್ಲಿ ಎಲ್ಲರೂ ಒಟ್ಟಿಗೆ, ಗಟ್ಟಿಯಾಗಿ, ಕೈಯೆತ್ತಿ ಪ್ರಾರ್ಥಿಸುವವರು. ಪಾಸ್ಟರ್ ಅಯ್ಯಗಾರು ನನ್ನ ಕಿವಿಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಪ್ರತಿ ಭಾನುವಾರ ಆ ಹಾಲಿನಲ್ಲಿ ನನ್ನ ಎಡಗಿವಿಗಾಗಿ ಎದ್ದ ಗದ್ದಲಕ್ಕೆ ನನ್ನ ಬಲಗಿವಿಯೂ ಹೋದೀತೆಂದು ನನಗೆ ಭಯವಾಗುತ್ತಿತ್ತು.

ಕಿವಿ ಮಾತ್ರ ವಾಸಿಯಾಗಲಿಲ್ಲ. ನನಗೆ ಮೊದಲೇ ಕೋಪ ಮೂಗಿನ ತುದಿಯಲ್ಲಿ. ಆ ತಿಂಗಳುಗಳಲ್ಲಿ ಅದು ಮನೆಯ ತುಂಬಾ ಓಡಾಡಿತು. ಒಂದು ದಿನ ಸ್ಟೂಲು ಕಾಲಿಗೆ ಎಡವಿತೆಂದು ಸ್ಟೂಲಿನ ಕಾಲು ಮುರಿದೆ. ಆಮೇಲೆ ಮೊಣಕಾಲೂರಿ ಪ್ರಾರ್ಥನೆಗೆ ಕೂತೆ. ಪ್ರಾರ್ಥನೆ ಅಂದರೆ ಪ್ರಾರ್ಥನೆಯಲ್ಲ, ವಸೂಲಿ. ನಾನು ನಿನ್ನನ್ನು ಬಿಟ್ಟವನಲ್ಲ, ಕುಡಿಯುವವನಲ್ಲ, ಕಿವಿ ಕೊಡಲಿಕ್ಕೆ ನಿನಗೆ ಎಂತ ಕಷ್ಟ ಎಂಬ ಧಾಟಿ.

ಹೆಂಡತಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು.

"ಏವಂಡಿ, ದೇವರ ಹತ್ರ ಹಂಗಾ ಮಾತಾಡೋದು? ಬಾಡಿಗೆ ಕೇಳೋಕೆ ಬಂದ ಓನರ್ ಥರ?"

"ಮತ್ತೆ ಹೇಗೆ ಕೇಳುವುದು? ಕೇಳಿ ಕೇಳಿ ಸಾಕಾಯ್ತು ನನಗೆ."

"ಕಿವಿ ಒಂದೇ ಕೇಳ್ತೀರಿ ಮೀರು. ಈ ಕೋಪ ತಗೊಂಡು ಹೋಗಪ್ಪಾ ಅಂತ ಒಂದಿನಾನಾದ್ರೂ ಕೇಳಿದ್ದೀರಾ? ಕಿವಿಯಿಂದ ನನಗೇನೂ ತೊಂದರೆ ಇಲ್ಲ ಅಂಡಿ."

ಅವಳು ಒಳಗೆ ಹೋಗಿ ಅನ್ನ ಬಡಿಸಿದಳು. ನಾನು ಆ ಮಾತಿಗೂ ಕೋಪಿಸಿಕೊಂಡೇ ಉಂಡೆ.

ಅಷ್ಟರಲ್ಲಿ ನನ್ನನ್ನು ಹಗ್ಗಕ್ಕೆ ಹಾಕಿದ್ದರು. ನನ್ನ ಜಾಗಕ್ಕೆ ಬಂದ ಡೈವರ್ ಬಾಗಲಕೋಟೆಯವನು. ಸಮುದ್ರವನ್ನೇ ಕಾಣದೆ ಬೆಳೆದು, ತೋಟದ ಬಾವಿಯಲ್ಲಿ ಈಜು ಕಲಿತು, ನೌಕಾಪಡೆಗೆ ಬಂದವನು. ನನ್ನ ವಾರಿಗೆಯವನೇ, ಒಂದೆರಡು ವರ್ಷ ಚಿಕ್ಕವನು. ಕೊರಳಲ್ಲಿ ಲಿಂಗ. ನೀರಿಗಿಳಿಯುವಾಗ ಅದನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಬಿಗಿದು ಕಟ್ಟಿಕೊಂಡು, ಅದರ ಮೇಲೆ ರಬ್ಬರ್ ಸೂಟು ಹಾಕುತ್ತಿದ್ದ. ನಮ್ಮ ತಂಡದ ಮುಖ್ಯಸ್ಥರಾದ ಚೀಫ್, ಮಲಯಾಳಿ, ತೆಗೆದಿಡು ಎಂದು ಹೇಳಿ ಹೇಳಿ ಸೋತಿದ್ದರು. ಅವನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅವನು ಮಾಡಿದ ತಪ್ಪೇನೂ ಇಲ್ಲ. ಅವನ ಎರಡು ಕಿವಿಯೂ ಚೆನ್ನಾಗಿದ್ದವು, ಅಷ್ಟೆ.

ಹಗ್ಗ ಹಿಡಿಯುವುದಕ್ಕೂ ವಿಧಿಗಳಿವೆ. ಹಗ್ಗವನ್ನು ಯಾವುದಕ್ಕೂ ಕಟ್ಟಬಾರದು, ಕೈಯಲ್ಲೇ ಇರಬೇಕು. ಕೂರಬಾರದು. ಮಾತಾಡಬಾರದು. ಡೈವರನ ಉಸಿರಿನಿಂದ ಏಳುವ ಗುಳ್ಳೆಗಳ ಮೇಲಿಂದ ಕಣ್ಣು ತೆಗೆಯಬಾರದು. ಸಡಿಲ ಬಿಟ್ಟರೆ ಹಗ್ಗ ಕಾಲಿಗೆ ಸುತ್ತಿಕೊಳ್ಳುತ್ತದೆ, ಬಿಗಿ ಹಿಡಿದರೆ ಅವನು ಕೆಲಸ ಮಾಡಲಾರ. ಮೇಲಿನಿಂದ ಒಂದು ಎಳೆತ ಕೊಟ್ಟರೆ, ಸರಿಯಿದ್ದೀಯಾ ಎಂದು ಕೇಳಿದ ಹಾಗೆ. ಕೆಳಗಿನಿಂದ ಒಂದು ಎಳೆತ ಬಂದರೆ, ಸರಿಯಿದ್ದೇನೆ ಎಂದು ಅರ್ಥ. ನಾಲ್ಕು ಎಳೆತವಾದರೆ ಮೇಲೆ ಬರುವುದು. ಬಿಡದೆ ಪಟಪಟನೆ ಎಳೆದರೆ ಅಪಾಯ. ಇಡೀ ಸಂಭಾಷಣೆ ಇಷ್ಟೇ.

ಮೊದಲ ದಿನ ಬಾಗಲಕೋಟೆಯವನು ಒಂದು ಹಡಗಿನ ತಳ ನೋಡಿ ಬಂದವನೇ ಮುಖವಾಡ ಕಿತ್ತು ನನ್ನ ಮೇಲೆ ಹರಿಹಾಯ್ದ.

"ಏನಣ್ಣಾ, ನಾ ಏನ್ ಎತ್ತ? ಮೂಗುದಾರ ಜಗ್ಗಿದಂಗ ಜಗ್ಗತೀಯಲ್ಲ!"

"ಸಿಗ್ನಲ್ ಕೊಟ್ಟದ್ದು ಮಾರಾಯ. ನಿನಗೆ ಗೊತ್ತಾಗದಿದ್ರೆ ನಾನು ಎಂತ ಮಾಡುವುದು?"

"ಸಿಗ್ನಲ್ ಅಲ್ಲದು. ನಿನ್ನ ಸಿಟ್ಟೆಲ್ಲಾ ಹಗ್ಗದಾಗ ಇಳದು ಬರತೈತಿ. ಕೆಳಗ ಕತ್ತಲಿ, ಏನೂ ಕಾಣಂಗಿಲ್ಲ. ನೀ ಜಗ್ಗಿದಾಗೊಮ್ಮೆ ಮ್ಯಾಲೇನೋ ಆಗೇತಿ ಅಂತ ನನ್ನ ಎದಿ ಡಬಡಬ ಅಂತೈತಿ. ಗಾಳಿ ಸುಮ್ನ ಖರ್ಚಾಗತೈತಿ."

ಚೀಫ್ ಏನೆಂದು ಕೇಳಿ ತಿಳಿದುಕೊಂಡು, ಅವನ ಸಿಲಿಂಡರಿನ ಗಾಳಿಯ ಮೀಟರ್ ನೋಡಿದರು. ಅವನು ಹೇಳಿದ್ದು ನಿಜ. ಅಷ್ಟು ಹೊತ್ತಿನ ಕೆಲಸಕ್ಕೆ ಖರ್ಚಾಗಬೇಕಾದ್ದಕ್ಕಿಂತ ಹೆಚ್ಚು ಗಾಳಿ ಖರ್ಚಾಗಿತ್ತು. ಹೆದರಿದವನು ಹೆಚ್ಚು ಉಸಿರಾಡುತ್ತಾನೆ. ಹಗ್ಗದ ಮೇಲೆ ಕೋಪ ತೀರಿಸಿಕೊಂಡರೆ ಕೆಳಗಿರುವವನ ಸಿಲಿಂಡರ್ ಖಾಲಿಯಾಗುತ್ತದೆ ಎಂಬುದು ನನಗೆ ಲೆಕ್ಕ ಸಮೇತ ಕಂಡಿತು. ಮನೆಯ ಸ್ಟೂಲಾಗಿದ್ದರೆ ಅಂಟು ಹಾಕಬಹುದಿತ್ತು.

ಮರುದಿನದಿಂದ ಹಗ್ಗ ಕೈಗೆ ತೆಗೆದುಕೊಳ್ಳುವ ಮೊದಲು ಒಂದು ಸಣ್ಣ ಪ್ರಾರ್ಥನೆ ಮಾಡತೊಡಗಿದೆ. ಭಕ್ತಿಯಿಂದೇನಲ್ಲ, ಬೇರೆ ಉಪಾಯ ಇರಲಿಲ್ಲ. ಕೈ ನಡುಗದಂತೆ ಮಾಡಲು ಅಭ್ಯಾಸ ಸಾಕು. ಕೈಯೊಳಗಿನ ಸಿಡುಕನ್ನು ತೆಗೆಯುವ ಯಾವ ಅಭ್ಯಾಸವನ್ನೂ ನೌಕಾಪಡೆ ಕಲಿಸಿರಲಿಲ್ಲ. "ಈ ಒಂದು ಡೈವ್ ಮುಗಿಯುವವರೆಗೆ ನನ್ನ ಕೈ ಸುಮ್ಮನಿರಲಿ" ಎಂದು ಕೇಳುತ್ತಿದ್ದೆ. ಕೆಲವು ದಿನ ಸುಮ್ಮನಿರುತ್ತಿತ್ತು, ಕೆಲವು ದಿನ ಇಲ್ಲ. ಒಂದು ಸಲವಂತೂ ದೋಣಿ ನಡೆಸುವವನ ಮೇಲೆ ರೇಗಿ, ಹಗ್ಗ ಕೈಯಲ್ಲಿರುವಾಗಲೇ ಕೂಗಾಡಿದೆ. ಮೇಲೆ ಬಂದ ಬಾಗಲಕೋಟೆಯವನು ನನ್ನ ಮುಖ ನೋಡಿ ನೀರು ಉಗುಳಿದ. ಅವನು ಬೈದಿದ್ದರೇ ವಾಸಿ ಅನಿಸಿತು. ಹೀಗೆ ಮಳೆಗಾಲ ಹೋಯಿತು, ಚಳಿಗಾಲ ಬಂತು. ಭಾನುವಾರ ಸಭೆಯಲ್ಲಿ ಕಿವಿಗಾಗಿ ಪ್ರಾರ್ಥನೆ ನಡೆಯುತ್ತಲೇ ಇತ್ತು. ವಾರದ ಉಳಿದ ದಿನಗಳಲ್ಲಿ ನಾನು ಬೇರೆಯದನ್ನೇ ಕೇಳುತ್ತಿದ್ದೇನೆ ಎಂಬುದು ನನಗೇ ಗಮನಕ್ಕೆ ಬಂದಿರಲಿಲ್ಲ.

ಅಂಥ ಹೊತ್ತಿನಲ್ಲಿ ವಿಜಯವಾಡದ ನೀರಾವರಿ ಇಲಾಖೆಯಿಂದ ಕರೆ ಬಂತು. ಊರ ನಡುವೆ ಹರಿಯುವ ಕಾಲುವೆಗಳಲ್ಲಿ ಒಂದರ ಮೇಲೆ ಹಳೆಯ ಕಾಲದ ಲಾಕು. ಲಾಕು ಎಂದರೆ ಹಿಂದೆ ದೋಣಿಗಳನ್ನು ಮೇಲಿನ ಮಟ್ಟದಿಂದ ಕೆಳಗಿನ ಮಟ್ಟಕ್ಕೆ ಇಳಿಸಲು ಕಟ್ಟಿದ ಕಲ್ಲಿನ ದೊಡ್ಡ ತೊಟ್ಟಿ. ಅದರ ಮೇಲ್ತುದಿಯಲ್ಲಿ ಜೋಡಿ ಬಾಗಿಲು, ಕೆಳತುದಿಯಲ್ಲಿ ಜೋಡಿ ಬಾಗಿಲು. ರಿಪೇರಿಗಾಗಿ ಎರಡೂ ಕಡೆ ಬಾಗಿಲು ಮುಚ್ಚಿ ತೊಟ್ಟಿಯನ್ನು ಬತ್ತಿಸಿದ್ದರು. ಕಲ್ಲಿನ ಸಂದುಗಳಿಗೆ ಗಾರೆ ತುಂಬುವ ಕೆಲಸ ನಡೆದಿತ್ತು. ಆದರೆ ಮೇಲ್ಬಾಗಿಲಿನ ಬಲ ರೆಕ್ಕೆಯ ಅಡಿಯಲ್ಲಿದ್ದ ಕಂಡಿಯ ತಗಡು ಪೂರ್ತಿ ಮುಚ್ಚದೆ, ಕಾಲುವೆಯ ನೀರು ಕಾರಂಜಿಯಾಗಿ ಒಳಗೆ ಚಿಮ್ಮುತ್ತಿತ್ತು. ಹಾಕಿದ ಗಾರೆ ತೊಳೆದುಹೋಗುತ್ತಿತ್ತು. ಕಾಲುವೆಯ ಕಡೆಯಿಂದ ಮುಳುಗಿ ಅದನ್ನು ಮುಚ್ಚಿಕೊಡಬೇಕು.

ನಾವು ಲಾರಿಯಲ್ಲಿ ಸಾಮಾನು ಹೇರಿಕೊಂಡು ಹೋದೆವು. ಚೀಫ್, ಬಾಗಲಕೋಟೆಯವನು, ಅವನಿಗೇನಾದರೂ ಆದರೆ ಇಳಿಯಲು ತಯಾರಾಗಿ ನಿಲ್ಲುವ ಎರಡನೇ ಡೈವರ್, ಮತ್ತು ಹಗ್ಗಕ್ಕೆ ನಾನು. ಮೊದಲ ದಿನದ ಕೆಲಸ ಚೆನ್ನಾಗಿಯೇ ನಡೆಯಿತು. ಹುಲ್ಲು ತುಂಬಿದ ಗೋಣಿಚೀಲಕ್ಕೆ ಹಗ್ಗ ಕಟ್ಟಿ ಬಲ ರೆಕ್ಕೆಯ ಮುಂದೆ ಇಳಿಬಿಟ್ಟೆವು. ಚೀಲ ಸರ್ರನೆ ಕಂಡಿಗೆ ಹೋಗಿ ಅಂಟಿಕೊಂಡಿತು. ಅಂದರೆ ಸೆಳೆತ ಅಲ್ಲೇ. ಹಡಗಿನ ತಳ ತೂತಾದಾಗ ಹೊರಗಿನಿಂದ ಕ್ಯಾನ್ವಾಸಿನ ಹಾಸು ಇಳಿಸಿ ಮುಚ್ಚುತ್ತೇವೆ, ನೀರಿನ ಒತ್ತಡವೇ ಅದನ್ನು ಒತ್ತಿ ಹಿಡಿಯುತ್ತದೆ. ಅದೇ ರೀತಿ ಹಲಗೆಗೆ ಕ್ಯಾನ್ವಾಸು ಹೊಡೆದು, ಮೇಲಿನಿಂದ ಇಳಿಸಿ, ಕಂಡಿಯ ಮೇಲೆ ಕೂರಿಸಿದೆವು. ಕಾರಂಜಿ ನಿಂತು ಹೋಯಿತು. ಇಲಾಖೆಯ ಇಂಜಿನಿಯರ್ ಎಲ್ಲರಿಗೂ ಚಹಾ ತರಿಸಿದರು.

ಆದರೂ ತೊಟ್ಟಿಯ ತಳದಲ್ಲಿ ನೀರು ಜಿನುಗುತ್ತಲೇ ಇತ್ತು. ಎಡ ರೆಕ್ಕೆಯ ಬುಡದಲ್ಲಿ ಕೆಲಸದವರು ಕೆಸರು, ಇಟ್ಟಿಗೆ ಚೂರು, ಕಲ್ಲು ಎಲ್ಲ ತಂದು ಗುಡ್ಡೆ ಹಾಕಿದ್ದರು. ಅದರ ಅಡಿಯಿಂದ ನೀರು ಸಣ್ಣಗೆ ಹರಿದು ಬರುತ್ತಿತ್ತು. ನಮ್ಮ ಹಾಸಿನ ಅಂಚು ಸರಿಯಾಗಿ ಕೂತಿಲ್ಲ, ನೀರು ಅಲ್ಲಿಂದ ನುಸುಳಿ ಬರುತ್ತಿದೆ ಎಂದುಕೊಂಡೆವು. ಮರುದಿನ ಬೆಳಿಗ್ಗೆ ಬಾಗಲಕೋಟೆಯವನು ಹಾಸಿನ ಅಂಚು ನೋಡಲು ಇಳಿದ.

ತಪ್ಪಿದ್ದು ಇಲ್ಲಿ. ನಾವು ಸಮುದ್ರದವರು. ಸಮುದ್ರದಲ್ಲಿ ಸೆಳೆತವಿದ್ದರೆ ಮೇಲೆ ಕಾಣುತ್ತದೆ, ಗುರುತಿಗೆ ತೇಲಿಬಿಟ್ಟ ಬೋಯೆ ವಾಲುತ್ತದೆ, ನೊರೆ ಎಳೆದುಕೊಂಡು ಹೋಗುತ್ತದೆ. ಮೇಲಿನ ನೀರು ನಿಂತಿದೆಯೆಂದರೆ ಭರತ ಇಳಿತಗಳ ನಡುವಿನ ಬಿಡುವು, ನಿಶ್ಚಿಂತೆಯಿಂದ ಇಳಿ ಎಂದೇ ನಮಗೆ ಅರ್ಥ. ಆ ಬೆಳಿಗ್ಗೆ ಕಾಲುವೆಯ ನೀರು ತಟ್ಟೆಯಲ್ಲಿಟ್ಟ ಹಾಗಿತ್ತು. ಬಾಗಿಲು ತಡೆದು ನಿಲ್ಲಿಸಿದ ನೀರಿನ ಸೆಳೆತವೆಲ್ಲ ತಳದಲ್ಲೇ ಇರುತ್ತದೆ, ಮೇಲೆ ಒಂದು ಎಲೆಯೂ ಅಲುಗುವುದಿಲ್ಲ ಎಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಎಡ ರೆಕ್ಕೆಗೆ ಹುಲ್ಲಿನ ಚೀಲ ಇಳಿಬಿಟ್ಟು ನೋಡಿರಲಿಲ್ಲ.

ಅವನು ಹಾಸಿನ ಅಂಚನ್ನೆಲ್ಲ ತಡವಿ ನೋಡಿದ. ಹಗ್ಗದಲ್ಲಿ ಅದು ತಿಳಿಯುತ್ತಿತ್ತು, ಒಂದಿಷ್ಟು ಬಲಕ್ಕೆ, ಒಂದಿಷ್ಟು ಕೆಳಕ್ಕೆ. ಆಮೇಲೆ ಬಾಗಿಲನ್ನು ಸವರುತ್ತಾ ಎಡಕ್ಕೆ ಹೊರಟ. ನಾನು ಹಗ್ಗ ಬಿಡುತ್ತಾ ಬಂದೆ. ಇದ್ದಕ್ಕಿದ್ದಂತೆ ಹಗ್ಗ ನನ್ನ ಅಂಗೈಯಿಂದ ತಾನಾಗಿ ಜಾರಿತು. ಅದು ಈಜುವವನ ಎಳೆತವಲ್ಲ. ನಿಂತಿತು. ಮರುಕ್ಷಣ ಪಟಪಟಪಟ.

"ಅಪಾಯ!" ಎಂದೆ.

ಅದೇ ಹೊತ್ತಿಗೆ ತೊಟ್ಟಿಯ ತಳದಲ್ಲಿ ಗಾರೆ ಹೊರುವ ಹೆಂಗಸರು ಸಂತೋಷದಿಂದ ಕೂಗಿದರು. "ನೀಳ್ಳು ಆಗಿಪೋಯಾಯಿ!" ನೀರು ನಿಂತುಹೋಯಿತಂತೆ. ಒಬ್ಬಾಕೆ ಚಪ್ಪಾಳೆಯನ್ನೂ ತಟ್ಟಿದಳು.

ದಡದಲ್ಲಿದ್ದ ಕೂಲಿಗಳು ಓಡಿಬಂದು ನನ್ನ ಹಿಂದೆ ಹಗ್ಗಕ್ಕೆ ಕೈಹಾಕಿ ಎಳೆಯತೊಡಗಿದರು. ಒಳ್ಳೆಯ ಮನಸ್ಸಿನಿಂದಲೇ. ಚೀಫ್ ಕೂಡ "ಎಳೆಯಿರಿ, ಮೇಲೆ ಎಳೆಯಿರಿ" ಎಂದು ಕೂಗಿದರು. ಎಳೆದ ಒಂದು ಸಲಕ್ಕೇ ಕೆಳಗಿನಿಂದ ಬಂದ ಕೊಸರಾಟ ನನ್ನ ಮೊಣಕೈಯವರೆಗೆ ಹತ್ತಿತು. ನೋವಿನ ಕೊಸರಾಟ. ಆಗ ನನಗೆ ಆ ಹೆಂಗಸರ ಮಾತಿನ ಅರ್ಥವಾಯಿತು. ನೀರು ನಿಂತದ್ದು ಅದಕ್ಕೆ ಏನೋ ಅಡ್ಡ ಬಂದದ್ದರಿಂದ. ಅಡ್ಡ ಬಂದದ್ದು ಅವನ ಕಾಲು. ಎಡ ರೆಕ್ಕೆಯಲ್ಲೂ ತಗಡು ಪೂರ್ತಿ ಮುಚ್ಚದ ಕಂಡಿ ಇತ್ತು, ಒಳಗಿನ ಕೆಸರಿನ ಗುಡ್ಡೆ ಅದನ್ನು ಮರೆಮಾಡಿತ್ತು.

ಇಂಥ ಹೊತ್ತಿನಲ್ಲಿ ನಾನು ಏನು ಮಾಡುವವನು ಎಂದು ನನ್ನನ್ನು ಬಲ್ಲವರೆಲ್ಲ ಹೇಳಬಲ್ಲರು. ಆ ಕೂಲಿಗಳಲ್ಲಿ ಒಬ್ಬನಿಗೆ ಒಂದು ಬಿಗಿದು, ಹಗ್ಗವನ್ನು ಇನ್ನೊಬ್ಬನ ಕೈಗೆ ಎಸೆದು, ಕಿವಿ ಹೋದರೆ ಹೋಗಲಿ ಎಂದು ಹಾರುವವನು. ಹಾರಿದ್ದರೆ ತಣ್ಣೀರು ಕಿವಿಗೆ ನುಗ್ಗಿ, ತಲೆ ತಿರುಗಿ, ಅದೇ ಸೆಳೆತಕ್ಕೆ ಇನ್ನೊಂದು ಹೆಣ ಬೀಳುತ್ತಿತ್ತು. ನಾನು ಹಾಗೆ ಮಾಡಲಿಲ್ಲ. ಎಡಗೈಯಲ್ಲಿ ಹಗ್ಗ ಹಿಡಿದುಕೊಂಡೇ ಬಲಗೈಯಿಂದ ಒಬ್ಬೊಬ್ಬರ ಬೆರಳು ಬಿಡಿಸಿದೆ. "ಲಾಗಕಂಡಿ ಬಾಬು, ಲಾಗಕಂಡಿ" ಎಂದೆ. ಎಳೆಯಬೇಡಿ ಅಂದೆ ಅಷ್ಟೆ. ನನ್ನ ದನಿ ನನಗೇ ಗುರುತು ಸಿಗದಷ್ಟು ತಣ್ಣಗಿತ್ತು. ಅವರು ಬಿಟ್ಟರು.

ಚೀಫ್ ಕೆಂಡವಾದರು. ನಾವು ಆಡುತ್ತಿದ್ದದ್ದು ಹಿಂದಿ, ಕನ್ನಡದಲ್ಲೇ ಬರೆಯುತ್ತೇನೆ. "ಎಳೆ ಅಂತ ನಾನು ಹೇಳಿದ್ದು!"

"ಎಳೆಯೋದಿಲ್ಲ ಚೀಫ್. ಅವನ ಕಾಲು ಕಂಡಿಯೊಳಗಿದೆ. ಎಳೆದರೆ ಅವನು ಬರುತ್ತಾನೆ, ಕಾಲು ಬರುವುದಿಲ್ಲ."

"ನಿನಗೆ ಹೇಗೆ ಗೊತ್ತು?"

"ಒಳಗೆ ನೀರು ನಿಂತಿದೆ, ಕೇಳಿ. ಅವನು ಬಿರಡೆಯಾಗಿದ್ದಾನೆ."

ಅವರು ಮೂರು ಹೆಜ್ಜೆ ಓಡಿ ತೊಟ್ಟಿಯೊಳಗೆ ಬಗ್ಗಿ ನೋಡಿ ವಾಪಸು ಬಂದರು. ಮುಖ ಬಿಳಿಚಿತ್ತು. ಎರಡನೇ ಡೈವರ್ ಆಗಲೇ ನೀರಿನ ಅಂಚಿನಲ್ಲಿದ್ದ. ಅವನನ್ನು ಚೀಫ್ ತಡೆದರು. ಇಳಿದರೆ ಅವನೂ ಅದೇ ಬಾಗಿಲಿಗೆ ಅಂಟಿಕೊಳ್ಳಬಹುದು. ಬಾಗಿಲಿನ ತಗಡು ಎತ್ತಿದರೆ ಬಾಗಲಕೋಟೆಯವನು ಇಡಿಯಾಗಿ ಒಳಗೆ ಸೆಳೆದುಹೋಗುತ್ತಾನೆ, ಇಳಿಸಿದರೆ ಕಾಲು ತುಂಡಾಗುತ್ತದೆ.

ಉಳಿದದ್ದು ಒಂದೇ ದಾರಿ. ಸೆಳೆತ ಇರುವುದು ಒಂದು ಕಡೆ ನೀರು ತುಂಬಿ ಇನ್ನೊಂದು ಕಡೆ ಖಾಲಿಯಿರುವುದರಿಂದ. ಎರಡೂ ಕಡೆ ನೀರು ಸಮವಾದರೆ ಅದು ತಾನಾಗಿ ಬಿಡುತ್ತದೆ. ತೊಟ್ಟಿಯನ್ನು ತುಂಬಿಸಬೇಕು. ಲಾಕಿನ ಪಕ್ಕದ ಗೋಡೆಯೊಳಗೆ ಅದಕ್ಕೆಂದೇ ಒಂದು ತೂಬು ಇತ್ತು.

"ತೂಬು ತೆರೆದರೆ ತುಂಬಲಿಕ್ಕೆ ಎಷ್ಟು ಹೊತ್ತು?" ಎಂದು ಚೀಫ್ ಇಂಜಿನಿಯರನ್ನು ಕೇಳಿದರು.

"ಅರ್ಧ ಗಂಟೆ ಅಂಡಿ. ಆದರೆ ಹಾಕಿದ ಗಾರೆಯೆಲ್ಲ..." ಎಂದವರು ಗುಳ್ಳೆಗಳ ಕಡೆ ನೋಡಿ ಮಾತು ಅಲ್ಲಿಗೇ ಬಿಟ್ಟರು. ತಾವೇ ಏಣಿಯ ಹತ್ತಿರ ಓಡಿ, ಕೆಳಗಿದ್ದ ಕೆಲಸದವರನ್ನೆಲ್ಲ ಮೇಲೆ ಹತ್ತಿಸಿದರು. ಹೆಂಗಸರು ಬುಟ್ಟಿ, ಸೆರಗು, ಊಟದ ಡಬ್ಬಿ ಎಲ್ಲ ಹಿಡಿದು ಗಡಿಬಿಡಿಯಲ್ಲಿ ಹತ್ತಿದರು. ಕೊನೆಯವರು ಮೇಲೆ ಬಂದದ್ದೇ ಇಬ್ಬರು ಹಿಡಿಕೆ ತಿರುಗಿಸಿದರು. ಗೋಡೆಯೊಳಗೆ ನೀರು ಗುಡುಗುಡು ಎಂದಿತು.

ಸಿಲಿಂಡರಿನಲ್ಲಿ ಗಾಳಿ ಎಷ್ಟಿತ್ತು? ಸಮಾಧಾನವಾಗಿ ಉಸಿರಾಡಿದರೆ ಅರ್ಧ ಗಂಟೆ ದಾಟಿ ಸ್ವಲ್ಪ. ಹೆದರಿ ಉಸಿರಾಡಿದರೆ ಅದರ ಅರ್ಧವೂ ಇಲ್ಲ. ಇನ್ನೊಂದು ಸಿಲಿಂಡರ್ ಇಳಿಸಲು ನೋಡಿದೆವು. ಸೆಳೆತಕ್ಕೆ ಅದು ಅವನ ಕೈಗೆ ಎಟುಕದಂತೆ ಬಾಗಿಲಿನ ಆಚೆ ಮಗ್ಗುಲಿಗೆ ಬಡಿಯಿತು. ಹಗ್ಗಕ್ಕೆ ತೊಡರೀತೆಂದು ಮೇಲೆಳೆದುಕೊಂಡೆವು. ಚೀಫ್ ನನ್ನ ಪಕ್ಕ ಬಂದು ನಿಂತು ಸಣ್ಣಗೆ ಹೇಳಿದರು, "ಇನ್ನು ನಿನ್ನ ಕೈ."

ತೊಟ್ಟಿಯ ನೀರು ಕಂಡಿಯ ಮಟ್ಟ ಮುಟ್ಟುವವರೆಗೆ ಕೆಳಗಿರುವವನಿಗೆ ಯಾವ ವ್ಯತ್ಯಾಸವೂ ಗೊತ್ತಾಗುವುದಿಲ್ಲ. ನಾವು ಮೇಲೆ ಏನೋ ಮಾಡುತ್ತಿದ್ದೇವೆ ಎಂದು ಅವನಿಗೆ ಹೇಳುವ ದಾರಿಯೂ ಇಲ್ಲ. ನಮ್ಮ ಭಾಷೆಯಲ್ಲಿ ಅದಕ್ಕೆ ಎಳೆತವಿಲ್ಲ. ಇರುವುದು ಒಂದೇ ಪ್ರಶ್ನೆ, ಒಂದೇ ಉತ್ತರ. ನಾನು ಒಂದು ಸಲ ಎಳೆದೆ, ಮಲಗಿದವರ ಹೊದಿಕೆ ಸರಿಮಾಡುವಷ್ಟು ಮೆಲ್ಲಗೆ. ಉತ್ತರವಾಗಿ ಪಟಪಟಪಟ ಎಂದು ಬಂತು. ಸ್ವಲ್ಪ ತಡೆದು ಮತ್ತೆ ಅದೇ ಒಂದು ಎಳೆತ. ಮತ್ತೆ ಪಟಪಟ. ಮೂರನೆಯದೋ ನಾಲ್ಕನೆಯದೋ ಸಲ ಕೆಳಗಿನಿಂದ ಒಂದೇ ಒಂದು ಎಳೆತ ಬಂತು. ಸರಿಯಿದ್ದೇನೆ. ಎಲ್ಲಿ ಸರಿ, ಏನು ಸರಿ! ಆದರೂ ಗುಳ್ಳೆಗಳ ನಡುವೆ ಬಿಡುವು ಹೆಚ್ಚಾಯಿತು. ಅವನು ನಿಧಾನಕ್ಕೆ ಉಸಿರಾಡುತ್ತಿದ್ದ.

ನಾನು ಹೆದರಲಿಲ್ಲವೆಂದಲ್ಲ. ಬೆನ್ನಿನಲ್ಲಿ ಬೆವರು ಇಳಿಯುತ್ತಿತ್ತು. ಆದರೆ ಇಲ್ಲಿ ನಟನೆ ನಡೆಯುವುದಿಲ್ಲ. ಮುಖಕ್ಕೆ ಶಾಂತಿ ಬಳಿದುಕೊಂಡು ಜನರನ್ನು ನಂಬಿಸಬಹುದು. ಹಗ್ಗ ಮುಖ ನೋಡುವುದಿಲ್ಲ. ಒಳಗೆ ನಿಜವಾಗಿ ಸುಮ್ಮನಾದರೆ ಮಾತ್ರ ಕೈ ಸುಮ್ಮನಾಗುತ್ತದೆ, ಅದು ಆ ತಿಂಗಳುಗಳಲ್ಲಿ ನನಗೆ ತಿಳಿದಿತ್ತು. ದೇವರೇ ಇವನನ್ನು ಉಳಿಸು ಎಂದು ಬೇಡಿಕೊಂಡೆನೇ ಎಂದು ಆಮೇಲೆ ಹೆಂಡತಿ ಕೇಳಿದಳು. ನೆನಪಿಲ್ಲ. ಬಾಯಿಗೆ ಬಂದದ್ದು ದಿನಾ ಕೇಳುತ್ತಿದ್ದದ್ದೇ: ನನ್ನ ಕೈ ಸುಮ್ಮನಿರಲಿ.

ತೊಟ್ಟಿಯ ನೀರು ಕೆಸರಿನ ಗುಡ್ಡೆಯನ್ನು ಮುಳುಗಿಸಿತು. ಇಂಜಿನಿಯರ್ ಕುಕ್ಕರುಗಾಲಲ್ಲಿ ಕೂತು ತಲೆ ಹಿಡಿದುಕೊಂಡಿದ್ದರು. ಹೆಂಗಸರು ತಮ್ಮ ಕೆಲಸವೆಲ್ಲ ಬಿಳಿಯ ನೀರಾಗಿ ತೇಲುವುದನ್ನು ನೋಡುತ್ತಾ ನಿಂತಿದ್ದರು. ಚಪ್ಪಾಳೆ ತಟ್ಟಿದಾಕೆ ಅಳುತ್ತಿದ್ದಳು.

ಒಂದು ಸಲ ಎಳೆದೆ. ಉತ್ತರ ಬರಲಿಲ್ಲ.

ಗುಳ್ಳೆಗಳೂ ಕಾಣಲಿಲ್ಲ. ಚೀಫ್ ನನ್ನ ಭುಜ ಹಿಡಿದರು. ಮತ್ತೆ ಎಳೆ ಎಂದು ಇಡೀ ಮೈ ಹೇಳುತ್ತಿತ್ತು. ಜೋರಾಗಿ, ಹತ್ತು ಸಲ, ಅವನು ಸತ್ತಿದ್ದರೂ ಕೇಳುವ ಹಾಗೆ. ಆದರೆ ನನ್ನ ಕೈಯಿಂದ ಹೆದರಿಕೆ ಹೊರಟರೆ ಅದು ನೇರ ಅವನ ಸೊಂಟಕ್ಕೆ ಹೋಗಿ ಮುಟ್ಟುತ್ತದೆ. ಅವನು ಉಸಿರು ಉಳಿಸುತ್ತಿದ್ದರೆ? ನಾನು ಕಾದೆ. ಬದುಕಿನಲ್ಲಿ ಅಷ್ಟು ಹೊತ್ತು ಯಾವುದಕ್ಕೂ ಕಾದವನಲ್ಲ. ನಿಜಕ್ಕೂ ಅದು ಕೆಲವು ಉಸಿರುಗಳಷ್ಟು ಹೊತ್ತು ಮಾತ್ರ ಇದ್ದೀತು. ಆಮೇಲೆ ಗೊಂಚಲಾಗಿ ಗುಳ್ಳೆ ಎದ್ದವು. ಅದರ ಹಿಂದೆಯೇ ಒಂದು ಎಳೆತ, ಬಹಳ ಸೋತ ಎಳೆತ.

ಸ್ವಲ್ಪ ಹೊತ್ತಿಗೆ ಹಗ್ಗ ನನ್ನ ಕೈಯಲ್ಲಿ ಹಗುರಾಯಿತು. ನಾಲ್ಕು ಎಳೆತ ಬಂದವು. ನಾನು ಎಳೆದುಕೊಂಡೆ, ಎರಡನೇ ಡೈವರ್ ಹಾರಿ ಅವನ ಕಂಕುಳಿಗೆ ಕೈಕೊಟ್ಟ. ಮೇಲೆ ತಂದು ಮಲಗಿಸಿದಾಗ ತೊಡೆಯವರೆಗೆ ಕಾಲು ಕಪ್ಪಾಗಿತ್ತು, ಚರ್ಮ ಸುಲಿದಿತ್ತು, ಪಾದದ ರಬ್ಬರ್ ರೆಕ್ಕೆ ಎತ್ತಲೋ ಹೋಗಿತ್ತು. ಮೂಳೆ ಮುರಿದಿರಲಿಲ್ಲ. ಸಿಲಿಂಡರಿನ ಮುಳ್ಳು ಸೊನ್ನೆಯ ಮೇಲೆ ಕೂತಿತ್ತು. ಅವನು ಮೊದಲು ಮಾಡಿದ್ದು ಸೂಟಿನ ಕೊರಳೊಳಗೆ ಕೈಹಾಕಿ ಎದೆ ಮುಟ್ಟಿ ನೋಡಿಕೊಂಡದ್ದು. ಚೀಫ್ ಈ ಸಲ ತಾವೇ ಬಗ್ಗಿ ಸೂಟಿನ ಕೊರಳು ಸಡಿಲಿಸಿಕೊಟ್ಟರು.

ಆಸ್ಪತ್ರೆಗೆ ಹೋಗುವ ಲಾರಿಯಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು.

"ಅಣ್ಣಾ, ಮ್ಯಾಲ ಏನ್ ಮಾಡಾಕತ್ತಿದ್ರಿ ಅಷ್ಟೊತ್ತು?"

"ಯಾಕೆ ಮಾರಾಯ?"

"ಮೊದ್ಲ ಸತ್ತೇ ಹೋದ್ನಿ ಅಂತ ಮಾಡಿದ್ನಿ. ಆಮ್ಯಾಲ ನೀ ಒಂದ... ಒಂದ... ಎಳಿಯೂದು ನೋಡಿ, ಮ್ಯಾಲ ಏನೂ ಆಗೇ ಇಲ್ಲ, ಅಂವ ಚಾ ಕುಡಕೋತ ನಿಂತಾನ ಅಂತ ತಿಳಕೊಂಡ್ನಿ." ನಗಲು ಹೋಗಿ ಕೆಮ್ಮಿದ. "ಅಂವಗ ಕಾಳಜಿ ಇಲ್ಲಂದ್ರ ನನಗ್ಯಾಕ ಅಂತ ನಾನೂ ಸುಮ್ನ ಉಸರ ಎಳಕೋತ ಕುಂತೆ."

ಅವನ ಒದ್ದೆ ತಲೆಯನ್ನು ಟವೆಲಿನಿಂದ ಒರೆಸಿದೆ.

ಮುಂದೆ ತೊಟ್ಟಿ ತುಂಬಿದ್ದಾಗಲೇ ಎಡ ಕಂಡಿಗೂ ಹಾಸು ಕೂರಿಸಿ, ಮತ್ತೆ ಬತ್ತಿಸಿ, ಚೀಲ ಇಳಿಬಿಟ್ಟು ನೋಡಿ, ಕೆಲಸ ಮುಗಿಸಿ ಬಂದೆವು. ಗಾರೆ ಕೆಲಸ ಮೊದಲಿನಿಂದ ಶುರುವಾಯಿತು.

ವಿಶಾಖಪಟ್ಟಣಕ್ಕೆ ಮರಳಿದ ಮೇಲೆ ನನ್ನ ಕಿವಿಯ ಕೊನೆಯ ತಪಾಸಣೆ ಇತ್ತು. ಹೆಂಡತಿಯೂ ಜೊತೆಗೆ ಬಂದು ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಡಾಕ್ಟರು ದೀಪ ಹಿಡಿದು ನೋಡಿ, ಇನ್ನೊಬ್ಬರನ್ನು ಕರೆದು ತೋರಿಸಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಪರದೆ ಕೂಡಿಕೊಂಡಿಲ್ಲ, ಇನ್ನು ಕೂಡಿಕೊಳ್ಳುವುದೂ ಇಲ್ಲ. ಡೈವಿಂಗ್ ಮುಗಿಯಿತು, ಎಂದೆಂದಿಗೂ. ನಾನು ಥ್ಯಾಂಕ್ಯೂ ಸರ್ ಎಂದು ಹೇಳಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೊರಗೆ ಬಂದೆ.

ಅವಳು ಎದ್ದು ನಿಂತಳು. ನನ್ನ ಮುಖ ನೋಡಿದಳು, ಪಕ್ಕದಲ್ಲಿದ್ದ ಹೂಕುಂಡವನ್ನು ನೋಡಿದಳು. ನಾನು ಅದನ್ನು ಒದ್ದೇನೆಂದು ಅವಳಿಗೆ ಅನುಮಾನ.

"ಏನಂದ್ರಂಡಿ?"

"ಆಗುವುದಿಲ್ಲ ಅಂದ್ರು. ಇನ್ನು ನೀರಿಗೆ ಇಳೀಲಿಕ್ಕೆ ಇಲ್ಲ."

ಅವಳು ಮೆಲ್ಲಗೆ, ಹೆದರುತ್ತಲೇ ಕೇಳಿದಳು, "ಕೋಪ ಬರಲಿಲ್ವಾ?"

"ನಾನೂ ಅದಕ್ಕೇ ಕಾಯ್ತಾ ಇದ್ದೇನೆ ಮಾರಾಯ್ತಿ. ಇನ್ನೂ ಬರಲಿಲ್ಲ."

ಅವಳು ನಕ್ಕಳು ಎಂದುಕೊಂಡೆ. ಸೆರಗು ಬಾಯಿಗೆ ಒತ್ತಿಕೊಂಡು, ಅಷ್ಟು ಜನರ ನಡುವೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಅವಳು ಅಳುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಅವಳ ಅಳು ಮುಗಿಯುವವರೆಗೆ ಕಾದೆ.